ತೆರಿಗೆ ಹಿಂದೆಗೆತ: ಕೆನ್ಯಾದಲ್ಲಿ ಬೀದಿ, ದಕ್ಷಿಣ ಆಫ್ರಿಕದಲ್ಲಿ ಸದನ

2024ರ ಜೂನ್ 25ರಂದು ಕೆನ್ಯಾದ ರಾಜಧಾನಿ ನೈರೋಬಿಯಲ್ಲಿ ಯುವಜನರು ಸಂಸತ್ ಭವನಕ್ಕೇ ನುಗ್ಗಿದರು. ಹೊಸ ತೆರಿಗೆಗಳ ಹಣಕಾಸು ಮಸೂದೆಗೆ ಸಂಸದರು 195-106 ಮತಗಳಿಂದ ಆಗಷ್ಟೇ ಒಪ್ಪಿಗೆ ನೀಡಿದ್ದರು. ಪೊಲೀಸರು ಗುಂಡು ಹಾರಿಸಿದರು. ಆ ವಾರಗಳ ಪ್ರತಿಭಟನೆಯಲ್ಲಿ ಹತ್ತಾರು ಮಂದಿ ಪ್ರಾಣ ಕಳೆದುಕೊಂಡರು. ಮಸೂದೆಗೆ ಸಹಿ ಹಾಕುವುದಿಲ್ಲವೆಂದು ಅಧ್ಯಕ್ಷ ವಿಲಿಯಂ ರುಟೊ ಮರುದಿನ ಘೋಷಿಸಿದರು.

ಹತ್ತು ತಿಂಗಳ ಬಳಿಕ, 2025ರ ಏಪ್ರಿಲ್‌ನಲ್ಲಿ, ದಕ್ಷಿಣ ಆಫ್ರಿಕದ ಸರಕಾರವೂ ವ್ಯಾಟ್ ತೆರಿಗೆಯನ್ನು ಶೇ. 15ರಿಂದ 15.5ಕ್ಕೆ ಏರಿಸುವ ನಿರ್ಧಾರ ಕೈಬಿಟ್ಟಿತು. ಅಲ್ಲಿ ಗುಂಡು ಹಾರಲಿಲ್ಲ. ಸರಕಾರದಲ್ಲೇ ಇದ್ದ ಡೆಮಾಕ್ರಟಿಕ್ ಅಲಯನ್ಸ್ ಪಕ್ಷ ಸದನದಲ್ಲಿ ವಿರುದ್ಧ ಮತ ಹಾಕಿ ನ್ಯಾಯಾಲಯದ ಮೆಟ್ಟಿಲೇರಿತ್ತು. ಹಾಗೆಂದು ದಕ್ಷಿಣ ಆಫ್ರಿಕ ಶಾಂತಿಯ ತವರೇನಲ್ಲ. 2021ರ ಜುಲೈ ಗಲಭೆಯಲ್ಲಿ 350ಕ್ಕೂ ಹೆಚ್ಚು ಜನ ಸತ್ತಿದ್ದರು. ಆದರೂ ತೆರಿಗೆಯ ವಿಚಾರದಲ್ಲಿ ಕಂಡ ಈ ಅಂತರಕ್ಕೆ ಎರಡು ದೇಶಗಳ ಸಂವಿಧಾನಗಳಲ್ಲೇ ಕಾರಣವಿದೆ.

ಕೆನ್ಯಾದಲ್ಲಿ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುತ್ತಾರೆ. ಅರ್ಧಕ್ಕಿಂತ ಹೆಚ್ಚು ಮತ ಬೇಕು. ಜತೆಗೆ 47 ಕೌಂಟಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಕೌಂಟಿಗಳಲ್ಲಿ ಶೇ. 25ರಷ್ಟಾದರೂ ಸಿಗಬೇಕು. ಸಂಸದರು ಸಚಿವರಾಗುವಂತಿಲ್ಲ. ಆರಿಸಿ ಬಂದವರನ್ನು ಐದು ವರ್ಷದೊಳಗೆ ಇಳಿಸಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಅಂದರೆ ಅಧ್ಯಕ್ಷರಿಗೆ ದಿನನಿತ್ಯ ಸದನದ ಹಂಗಿಲ್ಲ.

ಗೆದ್ದವರಿಗೆ ಎಲ್ಲವೂ, ಸೋತವರಿಗೆ ಏನೂ ಇಲ್ಲ ಎಂಬ ಈ ಆಟ 2007ರ ಚುನಾವಣೆಯ ನಂತರ ಸಾವಿರಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ಆಗ ಸಂಧಾನದಿಂದ ಪ್ರಧಾನಿಯಾದವರು ರೈಲಾ ಒಡಿಂಗಾ. (2025ರ ಅಕ್ಟೋಬರ್‌ನಲ್ಲಿ ಕೇರಳದ ಕೂತ್ತಾಟ್ಟುಕುಳಂನಲ್ಲಿ ತೀರಿಕೊಂಡ ನಾಯಕ ಇವರೇ.) 2010ರ ಹೊಸ ಸಂವಿಧಾನ ಪ್ರಧಾನಿ ಹುದ್ದೆಯನ್ನು ಉಳಿಸಲಿಲ್ಲ. ಬದಲಿಗೆ ಕೌಂಟಿಗಳಿಗೆ ಚುನಾಯಿತ ಗವರ್ನರ್‌ಗಳನ್ನೂ ರಾಷ್ಟ್ರೀಯ ಆದಾಯದಲ್ಲಿ ಕನಿಷ್ಠ ಶೇ. 15 ಪಾಲನ್ನೂ ಕೊಟ್ಟಿತು, ನ್ಯಾಯಾಂಗವನ್ನು ಗಟ್ಟಿಗೊಳಿಸಿತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಧಿಕಾರದಲ್ಲಿದ್ದ ಅಧ್ಯಕ್ಷರ ಗೆಲುವನ್ನೇ ರದ್ದುಪಡಿಸಿತು. ಆಫ್ರಿಕದಲ್ಲಿ ಅದೇ ಮೊದಲು.

ದಕ್ಷಿಣ ಆಫ್ರಿಕದ ಕ್ರಮ ನಮ್ಮವರಿಗೆ ಅರ್ಧ ಪರಿಚಿತ, ಅರ್ಧ ವಿಚಿತ್ರ. 400 ಸದಸ್ಯರ ರಾಷ್ಟ್ರೀಯ ಸಭೆ ತನ್ನೊಳಗಿಂದಲೇ ಅಧ್ಯಕ್ಷರನ್ನು ಆರಿಸುತ್ತದೆ. ಆದರೆ ಆಯ್ಕೆಯಾದವರು ಕೂಡಲೇ ಸದಸ್ಯತ್ವ ಕಳೆದುಕೊಳ್ಳುತ್ತಾರೆ. 201 ಮತ ಬಿದ್ದರೆ ಅವಿಶ್ವಾಸದಿಂದ ಅವರನ್ನು ಇಳಿಸಬಹುದು.

ಕಾಗದದಲ್ಲಿ ಸುಲಭ. ಆದರೆ ಅಲ್ಲಿ ನಮ್ಮಂತೆ ಕ್ಷೇತ್ರಕ್ಕೊಬ್ಬ ಸಂಸದರಿಲ್ಲ. ಪಕ್ಷ ಪಡೆದ ಮತದ ಪ್ರಮಾಣಕ್ಕೆ ತಕ್ಕಂತೆ ಪಕ್ಷದ ಪಟ್ಟಿಯಿಂದ ಸ್ಥಾನ ಹಂಚಿಕೆ. ಪಟ್ಟಿ ಬರೆಯುವವರಿಗೆ ಎದುರಾಡುವ ಧೈರ್ಯ ಎಷ್ಟು ಮಂದಿಗಿದ್ದೀತು? ಸ್ವಂತ ಮನೆಗೆ ಸರಕಾರಿ ಹಣ ಬಳಸಿದ ಎನ್‌ಕಾಂಡ್ಲಾ ಪ್ರಕರಣದಲ್ಲಿ ಜೇಕಬ್ ಜುಮಾ ಮಾತ್ರವಲ್ಲ, ರಾಷ್ಟ್ರೀಯ ಸಭೆಯೂ ಕರ್ತವ್ಯದಲ್ಲಿ ತಪ್ಪಿದೆ ಎಂದು 2016ರಲ್ಲಿ ಸಂವಿಧಾನ ನ್ಯಾಯಾಲಯ ಹೇಳಿತು. ಮರುವರ್ಷ ಗುಪ್ತ ಮತದಾನ ನಡೆದರೂ ಅವಿಶ್ವಾಸಕ್ಕೆ ಬಿದ್ದದ್ದು 177 ಮತ, ವಿರುದ್ಧ 198. ಜುಮಾ ಇಳಿದದ್ದು 2018ರ ಫೆಬ್ರವರಿಯಲ್ಲಿ, ಅವರ ಪಕ್ಷ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಇಳಿಯಿರಿ ಎಂದಾಗ. 2008ರಲ್ಲಿ ಥಾಬೊ ಎಂಬೆಕಿ ನಿರ್ಗಮಿಸಿದ್ದೂ ಹಾಗೆಯೇ. ಮತದಾರರನ್ನು ಯಾರೂ ಕೇಳಲಿಲ್ಲ.

ಆದ್ದರಿಂದ ವ್ಯಾಟ್ ಏರಿಕೆಯನ್ನು ತಡೆದ ಶ್ರೇಯಸ್ಸು ಸಂವಿಧಾನದ ಅಕ್ಷರಕ್ಕಷ್ಟೇ ಸಲ್ಲದು. ಅದೇ ಸಂವಿಧಾನ ಜುಮಾ ಕಾಲದಲ್ಲೂ ಇತ್ತು. 2024ರ ಮೇ ಚುನಾವಣೆಯಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ 159 ಸ್ಥಾನಕ್ಕಿಳಿದು, ಸಿರಿಲ್ ರಾಮಫೋಸಾ ಮಿತ್ರಪಕ್ಷಗಳ ಬಲದಿಂದ ಗೆಲ್ಲಬೇಕಾಗಿ ಬಂದ ಮೇಲೆಯೇ ಸದನದ ಮಾತಿಗೆ ತೂಕ ಬಂದದ್ದು.

ಕೆನ್ಯಾದಲ್ಲಿ ಮಹಾಭಿಯೋಗದ ಅಸ್ತ್ರ ಬಳಕೆಯಾದದ್ದೂ 2024ರಲ್ಲೇ, ಅಕ್ಟೋಬರ್‌ನಲ್ಲಿ. ಹುದ್ದೆ ಕಳೆದುಕೊಂಡವರು ಉಪಾಧ್ಯಕ್ಷ ರಿಗಾಥಿ ಗಚಾಗುವಾ, ಅದೂ ಅಧ್ಯಕ್ಷರ ಬೆಂಬಲಿಗರು ಹಾಕಿದ ಮತಗಳಿಂದ.