ಪಿಯೋನೇಜ್ ಎಂಬ ಶಬ್ದ



ತಹಶೀಲ ಕಚೇರಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿರುವ ಪ್ಯೂನನನ್ನು ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಅರಿಯದವರಿಲ್ಲ. ಅದೇ ಬುಡದಿಂದ ಹುಟ್ಟಿದ ‘ಪಿಯೋನೇಜ್’ ಎಂಬ ಇಂಗ್ಲಿಷ್ ಶಬ್ದವನ್ನು ಕೇಳಿದವರು ಮಾತ್ರ ವಿರಳ. ಕಬ್ಬು ಕಡಿಯಲು ಹೋಗುವ ನಮ್ಮ ಜನರು ಅದನ್ನು ತಿಳಿದಿರಬೇಕೆಂಬುದು ನನ್ನ ಅಭಿಪ್ರಾಯ.

ಲ್ಯಾಟಿನ್ ಭಾಷೆಯಲ್ಲಿ ‘ಪೆಸ್’ ಎಂದರೆ ಕಾಲು. ಅದರಿಂದ ಬಂದ ಹೆಸರಿನಿಂದಲೇ ಪೋರ್ಚುಗೀಸರು ತಮ್ಮ ಕಾಲಾಳನ್ನು ಕರೆಯುತ್ತಿದ್ದರು. ಅವರೊಡನೆ ಆ ಶಬ್ದ ಈ ದೇಶಕ್ಕೆ ಬಂದು, ಇಂಗ್ಲಿಷರ ಬಾಯಲ್ಲಿ ಪ್ಯೂನ್ ಆಯಿತು. ಚದುರಂಗದ ಕಾಲಾಳಿಗೆ ಇಂಗ್ಲಿಷಿನಲ್ಲಿ ‘ಪಾನ್’ ಎನ್ನುವುದೂ ಇದೇ ಬುಡದ್ದು. (ಒತ್ತೆ ಇಡುವುದಕ್ಕೂ ಪಾನ್ ಎನ್ನುತ್ತಾರೆ; ಅದು ಬೇರೆ ಶಬ್ದ.) ಸ್ಪೇನಿನವರು ಅಮೆರಿಕ ಖಂಡಕ್ಕೆ ಒಯ್ದ ಶಬ್ದ ಬೇರೆ ದಾರಿ ಹಿಡಿಯಿತು. ಮೆಕ್ಸಿಕೋದ ದೊಡ್ಡ ಜಮೀನುಗಳಲ್ಲಿ ಸಾಲ ತೀರುವ ತನಕ ಬಿಟ್ಟುಹೋಗಲಾರದ ಆಳಿಗೆ ಆ ಹೆಸರು ಬಿತ್ತು. ಆ ಪದ್ಧತಿಯೇ ಪಿಯೋನೇಜ್. ನಡೆಯುವವನ ಹೆಸರು ಕಾಲು ಕಟ್ಟಿಸಿಕೊಂಡವನ ಹೆಸರಾಯಿತು!

ಅಮೆರಿಕ ಸಂಯುಕ್ತ ಸಂಸ್ಥಾನವು 1867ರಲ್ಲಿಯೇ ಇದನ್ನು ಕಾನೂನಿನಿಂದ ನಿಷೇಧಿಸಿತು. ಆದರೂ ಅದು ನಿಲ್ಲಲಿಲ್ಲ. ಅಲಬಾಮಾ ರಾಜ್ಯದಲ್ಲಿ ಅಲೊಂಜೊ ಬೇಲಿ ಎಂಬ ಕರಿಯ ಕೂಲಿಕಾರ ತಿಂಗಳಿಗೆ 12 ಡಾಲರಿನಂತೆ ಒಂದು ವರ್ಷ ದುಡಿಯಲು ಒಪ್ಪಿ, 15 ಡಾಲರ್ ಮುಂಗಡ ಪಡೆದಿದ್ದ. ತಿಂಗಳು ಕಳೆದು ನಾಲ್ಕಾರು ದಿನಕ್ಕೆ ಕೆಲಸ ಬಿಟ್ಟ. ಮುಂಗಡ ತೀರಿಸದೆ ಬಿಟ್ಟದ್ದೇ ಮೋಸವೆಂದು ಅಲ್ಲಿನ ಕಾಯ್ದೆ ಅವನನ್ನು ಅಪರಾಧಿಯಾಗಿ ಮಾಡಿತು. 1911ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನೇ ತಳ್ಳಿಹಾಕಿತು.

ಈಗ ನಮ್ಮ ಉಚಲಿನ ವಿಷಯ. ಹಂಗಾಮಿಗೆ ಮುಂಚೆ ಮುಕಾದಮ ಉಚಲು ಕೊಡುತ್ತಾನೆ. ಗಂಡಹೆಂಡಿರನ್ನು ಕೂಡಿಸಿ ‘ಒಂದು ಕೋಯತಾ’ ಎಂದು ಲೆಕ್ಕ ಹಿಡಿಯುತ್ತಾನೆ. ಮನುಷ್ಯರಿಗೆ ಕತ್ತಿಯ ಹೆಸರು! ಕಡಿದ ಟನ್ನಿನ ಕೂಲಿ ಉಚಲಿಗೆ ಜಮಾ ಆಗುತ್ತದೆ. ತೀರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ. ಮುಕಾದಮನೂ ಮೇಲಿನವರಿಂದ ಹಣ ತಂದವನೇ, ಅದು ನಿಜ.

“ಉಚಲು ನಾವೇ ಕೇಳಿ ತಂದದ್ದು, ಇದು ಜೀತ ಹೇಗಾದೀತು?” ಎಂದು ನಮ್ಮವರೇ ಕೇಳುತ್ತಾರೆ. ಬೇಲಿಯೂ ಒಪ್ಪಿಯೇ ತಂದಿದ್ದ. ಸಾಲ ತರುವುದು ತಪ್ಪಲ್ಲ, ಕೊಡುವುದೆಲ್ಲ ಜೀತವೂ ಅಲ್ಲ. ಬಿಟ್ಟು ಬೇರೆಡೆ ದುಡಿಯಲು ಸ್ವಾತಂತ್ರ್ಯವಿದೆಯೇ, ಕನಿಷ್ಠ ಕೂಲಿ ಕೈಗೆ ಬರುತ್ತದೆಯೇ ಎಂಬುದನ್ನು ನೋಡಬೇಕು. ಎರಡರಲ್ಲಿ ಒಂದು ತಪ್ಪಿದರೂ 1976ರ ಜೀತಪದ್ಧತಿ ರದ್ದತಿ ಕಾಯ್ದೆ ಅನ್ವಯಿಸುತ್ತದೆ. ಅಂಥ ಸಾಲ ಕಾಯ್ದೆಯ ಪ್ರಕಾರ ಸತ್ತುಹೋದ ಸಾಲ. ಅದರ ವಸೂಲಿಗೆ ದಾವೆಯೂ ನಡೆಯದು. ಜೀತಕ್ಕೆ ದುಡಿಸಿದವನಿಗೆ 3 ವರ್ಷದವರೆಗೆ ಸೆರೆ, 2000 ರೂಪಾಯಿವರೆಗೆ ದಂಡ ಉಂಟು. ಅರ್ಜಿಯನ್ನು ಜಿಲ್ಲಾಧಿಕಾರಿಗೆ ಬರೆಯಬೇಕು. ಎಷ್ಟು ಉಚಲು, ಎಷ್ಟು ಟನ್ನು, ಯಾರ ಟೋಳಿ, ಯಾವ ತಾರೀಖಿನಿಂದ ಎಂಬುದನ್ನು ಮರೆಯದೆ ಕಾಣಿಸಿರಿ.