ಸರ್ವಾನುಮತದ ಠರಾವು

ಹೋದ ತಿಂಗಳು ನಿಪ್ಪಾಣಿಯ ನಮ್ಮ ಶಾಖೆಯ ಬೈಠಕಿನಲ್ಲಿ, ಬೀಡಿ ಕಟ್ಟುವ ಹೆಣ್ಣುಮಕ್ಕಳ ಒಂದು ದಿನದ ಸಂಪಿನ ಠರಾವು ಸರ್ವಾನುಮತದಿಂದ ಪಾಸಾಯಿತು. ಒಂದು ಕೈಯೂ ಕೆಳಗಿರಲಿಲ್ಲ. ಅದರ ವರದಿಯನ್ನು ಇದೇ ಪತ್ರಿಕೆಯಲ್ಲಿ ದಪ್ಪಕ್ಷರಗಳಲ್ಲಿ ಅಚ್ಚುಹಾಕಿದೆವು. ಸಂಪಿನ ದಿನ ಬೆಳಗಾದಾಗ ಕೈಯೆತ್ತಿದವರಲ್ಲಿ ಅರ್ಧಕ್ಕರ್ಧ ಜನ ಬೀಡಿಯ ಬುಟ್ಟಿ ಹಿಡಿದು ಎಂದಿನಂತೆ ಗುತ್ತಿಗೆದಾರನ ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದರು. ಕೆಲವು ಸಂಗಾತಿಗಳು ಅವರನ್ನು ದ್ರೋಹಿಗಳೆಂದು ಕರೆದರು. ಹಾಗೆ ಕರೆಯಲು ನಾವು ಸಿದ್ಧರಿಲ್ಲ. ಸಾಲಿನಲ್ಲಿದ್ದ ಹಿರಿಯ ಹೆಣ್ಣುಮಗಳೊಬ್ಬಳನ್ನು ಕೇಳಿದಾಗ ಆಕೆ ಹೇಳಿದ್ದಿಷ್ಟು: “ಎಲ್ಲಾರೂ ಕೈ ಎತ್ತಿದ್ರು, ನಾನೂ ಎತ್ತಿದೆ, ಮಾಸ್ತರ. ಅಷ್ಟು ಮಂದ್ಯಾಗ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಒಂದ್ ದಿನದ ಪಗಾರ ಬಿಟ್ರ ಮನ್ಯಾಗ ಹೆಂಗ ಅಂತ ನೀವೂ ಕೇಳಲಿಲ್ಲ.”

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಮೇರಿಕೆಯ ಸಾಲೊಮನ್ ಆಶ್ ಎಂಬ ಮನಃಶಾಸ್ತ್ರಜ್ಞ 1950ರ ದಶಕದ ಆರಂಭದಲ್ಲಿ ನಡೆಸಿದ ಪ್ರಯೋಗವೊಂದು ಆಗ ನೆನಪಾಯಿತು. ಕಾಲೇಜು ಹುಡುಗರನ್ನು ಒಂದು ಕೋಣೆಯಲ್ಲಿ ಕೂಡ್ರಿಸಿ, ಒಂದು ಗೆರೆಯನ್ನು ತೋರಿಸಿ, ಅದಕ್ಕೆ ಸಮನಾದದ್ದನ್ನು ಬೇರೆ ಮೂರು ಗೆರೆಗಳಲ್ಲಿ ಗುರುತಿಸಿರೆಂದು ಆತ ಕೇಳಿದ. ಸಣ್ಣ ಕೂಸೂ ಹೇಳಬಹುದಾದ ಉತ್ತರ. ಆದರೆ ಒಬ್ಬನ ಹೊರತು ಉಳಿದವರೆಲ್ಲ ಆಶ್‌ನ ಕಡೆಯವರೇ ಆಗಿದ್ದು, ಮೊದಲೇ ಗೊತ್ತುಮಾಡಿಕೊಂಡಂತೆ ಒಬ್ಬರಾದ ಮೇಲೊಬ್ಬರು ತಪ್ಪುತ್ತರವನ್ನೇ ಹೇಳಿದರು. ಹಾಗೆ ಹೇಳಿದಾಗಲೆಲ್ಲ ಆ ಒಬ್ಬ ಕಣ್ಣಿಗೆ ಕಂಡದ್ದನ್ನು ಬಿಟ್ಟು ಮಂದಿ ಹೇಳಿದ್ದನ್ನೇ ಹೇಳಿದ್ದು ಸುಮಾರು ಮೂರಕ್ಕೊಂದು ಸಲ. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಜಾರಿದರು. ಅಲ್ಲಿ ಪಗಾರ ಹೋಗುವ ಭಯವಿರಲಿಲ್ಲ, ಮುಕಾದಮನಿರಲಿಲ್ಲ, ಪಕ್ಷದ ಕಾರ್ಯದರ್ಶಿಯೂ ಇರಲಿಲ್ಲ. ಉತ್ತರವನ್ನು ಗುಪ್ತವಾಗಿ ಬರೆದುಕೊಡಲು ಬಿಟ್ಟಾಗ ತಪ್ಪುಗಳು ಬಹಳ ಇಳಿದವು. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿಯುತ್ತರ ಹೇಳಿದಾಗಂತೂ ಮೂರಕ್ಕೊಂದಿದ್ದ ತಪ್ಪು ಇಪ್ಪತ್ತಕ್ಕೊಂದರ ಹತ್ತಿರಕ್ಕೆ ಬಂತು.

ಇನ್ನೊಂದು ಪ್ರಯೋಗ ಈ ಸಾಲುಗಳನ್ನು ಬರೆಯುವವನಿಗೆ ಹೆಚ್ಚು ಚುಚ್ಚುತ್ತದೆ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬಾತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಒಂದು ತಾಸಿನ ಕೆಲಸಕ್ಕೆ ನಾಲ್ಕು ಡಾಲರ್ ಎಂದು ಸಾಮಾನ್ಯ ಜನರನ್ನು ಕರೆಸಿದ. ಬಂದವನಿಗೆ ಕೊಟ್ಟ ಪಾತ್ರ ಯಾವುದು? ಶಿಕ್ಷಕನದು. ಗೋಡೆಯಾಚೆಗಿನ ವಿದ್ಯಾರ್ಥಿ ತಪ್ಪಿದಾಗಲೆಲ್ಲ ಒಂದು ಗುಂಡಿ ಒತ್ತಿ ವಿದ್ಯುತ್ತಿನ ಪೆಟ್ಟು ಕೊಡಬೇಕು. 15 ವೋಲ್ಟಿನಿಂದ ಮೊದಲಾಗಿ 450 ವೋಲ್ಟಿನವರೆಗೆ ಮೂವತ್ತು ಗುಂಡಿಗಳು. ಪೆಟ್ಟು ಸುಳ್ಳು, ವಿದ್ಯಾರ್ಥಿ ನಟ. ಒತ್ತುವವನಿಗೆ ಮಾತ್ರ ಅದು ತಿಳಿಯದು. ಬೆವರಿದರು, ನಡುಗಿದರು, ತುಟಿ ಕಚ್ಚಿಕೊಂಡರು. ಪಕ್ಕದಲ್ಲಿದ್ದ ನಿಲುವಂಗಿಯ ಮನುಷ್ಯ ಮುಂದುವರಿಸಿರೆಂದ. ನಲವತ್ತು ಜನರಲ್ಲಿ ಇಪ್ಪತ್ತಾರು ಜನ ಕೊನೆಯ ಗುಂಡಿಯವರೆಗೂ ಹೋದರು.

ಪಕ್ಷದ ಕೆಲಸಕ್ಕೆ ಬರುವ ಮೊದಲು ನಾನು ಸಾಲೆಯ ಮಾಸ್ತರನಾಗಿದ್ದೆ. ಮಕ್ಕಳನ್ನು ಹೊಡೆಯಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಸ್ಪಷ್ಟವಾಗಿ ಹೇಳಿದೆ. ಅದು ನನಗೆ ಗೊತ್ತಿತ್ತು. ಆದರೂ ತಾಲೀಮಿಗೆ ತಡವಾಗಿ ಬಂದ ಹುಡುಗರ ಅಂಗೈಗೆ ಬೆತ್ತದಿಂದ ಹೊಡೆದಿದ್ದೇನೆ. ಹೆಡ್‌ಮಾಸ್ತರರು ಹೇಳಿದ್ದರು, ಪಕ್ಕದ ವರ್ಗದ ಮಾಸ್ತರರೂ ಹೊಡೆಯುತ್ತಿದ್ದರು. ಆ ಹುಡುಗರು ತಂಬಾಕಿನ ಹೊಲದ ಕೆಲಸ ಮುಗಿಸಿ ಓಡಿಬರುತ್ತಿದ್ದವರು. ಶಿಕ್ಷಣ, ಶಿಕ್ಷೆ ಎರಡಕ್ಕೂ ನಮ್ಮ ಭಾಷೆಯಲ್ಲಿ ಧಾತು ಒಂದೇ ಎಂಬುದು ಆಗ ವಿಚಿತ್ರವೆನಿಸಿರಲಿಲ್ಲ. ಅದೇ ಹುಡುಗರು ಬಿಡುವಿನ ವೇಳೆ ಮಾಸ್ತರನ ಆಟವಾಡುತ್ತ ಚಿಕ್ಕವರಿಗೆ ಕಡ್ಡಿಯಿಂದ ಹೊಡೆಯುವುದನ್ನೂ ಕಣ್ಣಾರೆ ಕಂಡಿದ್ದೇನೆ. ದೊಡ್ಡವರು ಗೊಂಬೆಯನ್ನು ಹೊಡೆದದ್ದನ್ನು ನೋಡಿದ ಕೂಸುಗಳು ಅದನ್ನೇ ಮಾಡುತ್ತವೆಂದು ಆಲ್ಬರ್ಟ್ ಬಂಡೂರಾ 1961ರಲ್ಲಿಯೇ ತೋರಿಸಿದ್ದ. ನನಗೆ ಗೊಂಬೆ ಬೇಕಾಗಲಿಲ್ಲ.

ಗುಂಡಿ ಒತ್ತುವುದು ಬರಿಯ ಪ್ರಯೋಗಶಾಲೆಯ ಆಟವಲ್ಲವೆಂದು ನಿಪ್ಪಾಣಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1981ರಲ್ಲಿ ತಂಬಾಕಿಗೆ ನ್ಯಾಯವಾದ ದರ ಕೇಳಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ವಾರಗಟ್ಟಲೆ ಕೂತರು. ಮುಂದಾಳು ಶರದ ಜೋಶಿ. ಅವರ ಮುಕ್ತ ಮಾರುಕಟ್ಟೆಯ ವಾದ ನಮಗೆ ಅಂದೂ ಒಪ್ಪಿಗೆಯಿರಲಿಲ್ಲ, ಇಂದೂ ಇಲ್ಲ. ಆದರೆ ರಸ್ತೆಯ ಮೇಲೆ ಕೂತವರು ನಮ್ಮವರು. ಏಪ್ರಿಲ್ 6ರಂದು ಪೋಲೀಸರು ಗೋಳಿಬಾರು ಮಾಡಿದರು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಪೋಲೀಸ್ ಪಡೆಗೆ ಸೇರುವವರಲ್ಲಿ ಬಹುಮಂದಿ ಒಕ್ಕಲುತನದ ಮನೆಗಳ ಹುಡುಗರೇ ಅಲ್ಲವೆ? ಬಂದೂಕು ಏರಿಸುವವನಿಗೂ ಬೆತ್ತ ಎತ್ತುವವನಿಗೂ ಹೇಳಿಕೊಳ್ಳಲು ಒಂದೇ ಮಾತಿದೆ: ಮೇಲಿನವರ ಹುಕುಂ.

ಹುಕುಮಿಗೆ ಹೆದರಿ ಜನ ತಲೆಬಾಗುತ್ತಾರೆಂದು ನಾವು ಇಷ್ಟು ದಿನ ಭಾಷಣಗಳಲ್ಲಿ ಹೇಳುತ್ತ ಬಂದಿದ್ದೇವೆ. ಅದು ಪೂರ್ತಿ ನಿಜವಲ್ಲ. 2006ರಲ್ಲಿ ಜೆರ್ರಿ ಬರ್ಗರ್ ಎಂಬಾತ ಮಿಲ್‌ಗ್ರಾಮನ ಪ್ರಯೋಗವನ್ನು 150 ವೋಲ್ಟಿಗೆ ನಿಲ್ಲಿಸಿ ಮತ್ತೆ ಮಾಡಿ ನೋಡಿದ. “ನಿನಗೆ ಬೇರೆ ದಾರಿಯೇ ಇಲ್ಲ, ಮುಂದುವರಿಸು” ಎಂಬ ಕಟ್ಟಾಜ್ಞೆ ಕೇಳಿದವರಲ್ಲಿ ಒಬ್ಬನೂ ಮುಂದುವರಿಯಲಿಲ್ಲ. ಹಾಗಾದರೆ ಗುಂಡಿ ಒತ್ತುತ್ತ ಹೋದವರು ಯಾಕೆ ಹೋದರು? ಇದು ವಿಜ್ಞಾನದ ಕೆಲಸ, ದೊಡ್ಡ ಕೆಲಸ, ನಾನು ಅದಕ್ಕೆ ನೆರವಾಗುತ್ತಿದ್ದೇನೆ ಎಂಬ ನಂಬಿಕೆಯಿಂದ ಹೋದರೆಂದು ಈಚಿನ ಕೆಲವು ಪಂಡಿತರ ವಾದ. ಈ ವಾದ ನಮಗೆ ಸರಿಯೆನಿಸುತ್ತದೆ, ಹೆದರಿಕೆಯನ್ನೂ ಹುಟ್ಟಿಸುತ್ತದೆ. ಯಾಕೆಂದರೆ ದೊಡ್ಡ ಕೆಲಸದ ಹೆಸರಿನಲ್ಲಿ ಕೈಯೆತ್ತಿಸುವುದರಲ್ಲಿ ಮಾಲಕರಿಗಿಂತ ಪಕ್ಷಗಳು ಪಳಗಿದವು.

ಸಮಾಜವಾದಿಗಳಾದ ನಮಗೆ ಇದರ ಇತಿಹಾಸ ಮನೆಯೊಳಗೇ ಇದೆ. 1954ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪ್ರಜಾ ಸಮಾಜವಾದಿ ಪಕ್ಷದ್ದೇ ಸರಕಾರವಿದ್ದಾಗ ಪೋಲೀಸರು ಜನರ ಮೇಲೆ ಗುಂಡು ಹಾರಿಸಿದರು. ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ರಾಮಮನೋಹರ ಲೋಹಿಯಾ ಆ ಮಂತ್ರಿಮಂಡಲ ರಾಜೀನಾಮೆ ಕೊಡಬೇಕೆಂದರು. ಪಕ್ಷ ಒಪ್ಪಲಿಲ್ಲ. ಮುಂದಿನ ವರ್ಷದ ಕೊನೆಗೆ ಅವರ ದಾರಿ ಬೇರೆಯಾಯಿತು. ಲೋಹಿಯಾರ ಭಾವಚಿತ್ರ ನಮ್ಮ ಕಚೇರಿಯ ಗೋಡೆಯ ಮೇಲಿದೆ. ಅದರ ಕೆಳಗೇ ಕೂತು ನಾವು “ವಿರೋಧ ಯಾರದಾದರೂ ಇದೆಯೆ? ಇಲ್ಲ. ಪಾಸು!” ಎಂದು ಒಂದೇ ಉಸಿರಿನಲ್ಲಿ ಹೇಳಿ ಚಪ್ಪಾಳೆ ತಟ್ಟಿಸುತ್ತೇವೆ.

ಶಿಸ್ತಿಲ್ಲದೆ ಸಂಪು ನಡೆದೀತೆ ಎಂದು ಕೆಲವರು ಕೇಳಿದ್ದಾರೆ. ನಡೆಯದು. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಎಳೆದರೆ ಲಾಭ ಗುತ್ತಿಗೆದಾರನಿಗೇ. ಆದರೆ ಇದೇ ನಿಪ್ಪಾಣಿಯ ತಂಬಾಕು ವಖಾರಗಳ ಸಾವಿರಾರು ಹೆಣ್ಣಾಳುಗಳು ಧೂಳಿನಲ್ಲಿ ಕೆಮ್ಮುತ್ತಲೇ ಸಂಘ ಕಟ್ಟಿದ್ದನ್ನು ಮರೆಯಬಾರದು. ದೀಪಾ ಧನರಾಜ್ ಮತ್ತು ‘ಯುಗಾಂತರ’ ಬಳಗದವರು 1982ರಲ್ಲಿ ಅವರ ಮೇಲೆ ಮರಾಠಿಯಲ್ಲಿ ಒಂದು ಚಿತ್ರವನ್ನೇ ತೆಗೆದರು. ಅದರಲ್ಲಿ ಆ ಹೆಂಗಸರು ತಮ್ಮ ಕಷ್ಟವನ್ನು ತಮ್ಮ ಬಾಯಿಂದ ತಾವೇ ಹೇಳುತ್ತಾರೆ; ಅವರ ಪರವಾಗಿ ಮಾತಾಡಲು ನಮ್ಮಂಥ ಮಾಸ್ತರನೊಬ್ಬ ನಡುವೆ ನಿಂತಿಲ್ಲ. ಮಿಲ್‌ಗ್ರಾಮನ ಇನ್ನೊಂದು ಸರದಿಯಲ್ಲಿ, ಜೊತೆಗೆ ಕೂಡ್ರಿಸಿದ್ದ ಇಬ್ಬರು ಒಲ್ಲೆವೆಂದು ಎದ್ದುಹೋದಾಗ, ಕೊನೆಯವರೆಗೆ ಹೋದವರು ನಲವತ್ತರಲ್ಲಿ ನಾಲ್ವರು ಮಾತ್ರ. ಮುಕಾದಮನೆದುರು ಒಲ್ಲೆನೆನ್ನುವ ಮೊದಲ ಹೆಣ್ಣುಮಗಳು ನಮಗೆ ಬೇಕು. ಬೈಠಕಿನಲ್ಲಿ ನಮ್ಮೆದುರು ಒಲ್ಲೆನೆನ್ನಲು ಬಾಯಿ ಬಾರದವಳು ನಾಳೆ ಮುಕಾದಮನೆದುರು ಹೇಗೆ ಹೇಳಿಯಾಳು?

ಆದುದರಿಂದ ಬರುವ ರವಿವಾರದ ಬೈಠಕಿನಲ್ಲಿ ಸಂಪಿನ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳಲಾಗುವುದು. ಕಾರ್ಯದರ್ಶಿಗಳು ಕೊನೆಗೆ ಮಾತಾಡತಕ್ಕದ್ದು. ಮೊದಲು ಬೀಡಿ ಕಟ್ಟುವವರು. ಮತ ಚೀಟಿಯಲ್ಲಿ. ಅಕ್ಷರ ಬಾರದವರಿಗೆ ಬಿಳಿ, ಕೆಂಪು ಎರಡು ಬಣ್ಣದ ಚೀಟಿಗಳಿರುತ್ತವೆ, ಡಬ್ಬಿಯನ್ನು ಪರದೆಯ ಹಿಂದೆ ಇಡಲಾಗುವುದು. ಠರಾವು ಬಿದ್ದರೆ ಬಿದ್ದ ಸುದ್ದಿಯನ್ನೂ ಇದೇ ಪುಟದಲ್ಲಿ, ಅಷ್ಟೇ ದಪ್ಪಕ್ಷರಗಳಲ್ಲಿ ಅಚ್ಚುಹಾಕುತ್ತೇವೆ.