ಪ್ರಾರ್ಥನೆ ಒಬ್ಬರ ಕೆಲಸವಲ್ಲ ಕಣ್ರೀ

"ಪ್ರಾರ್ಥನೆ ಖಾಸಗಿ ವಿಷಯ, ಮನಸ್ಸು ಗಟ್ಟಿ ಇದ್ದರೆ ದಿನಾ ಮಾಡಬಹುದು" ಅನ್ನೋ ಉಪದೇಶ ಕೇಳಿ ಕೇಳಿ ನನಗಂತೂ ಸಾಕಾಗಿದೆ. ಹೇಳುವವರು ಮತ್ತಾಯ 6:6 ತೋರಿಸುತ್ತಾರೆ: ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕಂತೆ. ಸರಿ ಸ್ವಾಮಿ, ಇನ್ನು ಮೂರೇ ವಚನ ಮುಂದೆ ಓದಿ. ಅಲ್ಲಿ ಯೇಸು ಕಲಿಸಿದ್ದು 'ನನ್ನ ತಂದೆ' ಅಂತಲ್ಲ, 'ನಮ್ಮ ತಂದೆ' ಅಂತ! ಬಾಗಿಲು ಹಾಕಿಕೊಂಡವನೂ ಅಲ್ಲಿ ಒಬ್ಬನೇ ಇಲ್ಲ.

ನಮ್ಮ ಆಡೂರಿನಂಥ ಊರಲ್ಲಿ ಭಜನೆಗೆ ಒಂದು ದಿನ ತಪ್ಪಿಸಿಕೊಂಡರೆ, "ಯಾಕೋ ತಮ್ಮಾ, ನಿನ್ನೆ ಬರ್ಲಿಲ್ಲಲ್ಲ?" ಅಂತ ಕೇಳುವವರಿರುತ್ತಾರೆ. ಅಭ್ಯಾಸ ಉಳಿಯೋದು ಆ ಒಂದು ಮಾತಿನಿಂದ. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ ಬಂತು. ಅದರ ಕಿಟ್ಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು 'ಕಥಾಮಾಲೆ'ಯಾಗಿ ಕನ್ನಡದ ಛಂದಸ್ಸಿನಲ್ಲೇ ಬರೆದರು. ಹಾಡಿಗೆ ಹತ್ತು ದನಿ ಬೇಕು ತಾನೇ?

ಗುಂಪಾದರೆ ತೋರಿಕೆ ಆಗುತ್ತೆ ಅಂತೀರಾ? ಬೀದಿ ಮೂಲೆಯ ತೋರಿಕೆ ಬೇರೆ, ಬಾರದವನ ಮನೆ ಬಾಗಿಲು ತಟ್ಟುವುದು ಬೇರೆ.

ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದ ಹುಡುಗ ಪ್ರಾರ್ಥನೆ ಬಿಟ್ಟನೇ? 'ಭಕ್ತಿ ಕಡಿಮೆ' ಅಂತ ಬೈಯಬೇಡಿ. ರಾತ್ರಿ ಫೋನ್ ಮಾಡಿ, ಐದು ನಿಮಿಷ ಅವನ ಜೊತೆ ಪ್ರಾರ್ಥಿಸಿ. ಅದೂ ಆಗದಿದ್ದರೆ ಉಪದೇಶವನ್ನಾದರೂ ನಿಲ್ಲಿಸಿ.

ನೀವೇನಂತೀರಿ?